ಪಾಸ್‌ಔಟ್ ಆದವರು ಮೂರ್ಛೆ ಹೋದವರಲ್ಲ

'2018ರಲ್ಲಿ ಪಾಸ್ ಔಟ್ ಆದೆ' ಎಂದು ಇಂಗ್ಲಿಷಿನಲ್ಲಿ ಬರೆದ ಬಯೋಡೇಟಾ ಕಂಡರೆ ಅಮೆರಿಕದವರಿಗೆ ನಗು ಬರುತ್ತದೆ. ಅಲ್ಲಿನ ಆಡುಮಾತಿನಲ್ಲಿ ಅದು ಎಚ್ಚರ ತಪ್ಪಿ ಬೀಳುವುದು, ಹೆಚ್ಚಾಗಿ ಕುಡಿದು. ಹಾಗಾಗಿ ನಮ್ಮ ಬಳಕೆ ಶುದ್ಧ ತಪ್ಪು ಎಂಬುದು ಸ್ಪೋಕನ್ ಇಂಗ್ಲಿಷ್ ಮೇಷ್ಟ್ರುಗಳ ತೀರ್ಪು. ನಗುವಿಗೆ ಕಾರಣವಿದೆ, ತೀರ್ಪಿಗಿಲ್ಲ. ತರಬೇತಿ ಮುಗಿಸಿ ಹೊರಬೀಳುವುದನ್ನು 'ಪಾಸ್ ಔಟ್' ಎನ್ನುವುದು ಬ್ರಿಟಿಷ್ ಸೇನೆಯದೇ ಮಾತು. ಬ್ರಿಟನ್ನಿನ ನಿಘಂಟುಗಳಲ್ಲಿ ಎರಡು ಅರ್ಥಗಳೂ ಇವೆ. 1932ರಲ್ಲಿ ಶುರುವಾದ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಈಗಲೂ ಜೂನ್ ಮತ್ತು ಡಿಸೆಂಬರಿನಲ್ಲಿ ಪಾಸಿಂಗ್ ಔಟ್ ಪರೇಡ್ ನಡೆಯುತ್ತದೆ. ಕೆಡೆಟ್‌ಗಳು ನಿಧಾನ ನಡಿಗೆಯಲ್ಲಿ ಚೆಟ್‌ವುಡ್ ಕಟ್ಟಡದ ಮೆಟ್ಟಿಲೇರಿ 'ಅಂತಿಮ್ ಪಗ್' ದಾಟುತ್ತಾರೆ; ಆ ಕೊನೆಯ ಹೆಜ್ಜೆಯಲ್ಲಿ 'ಔಟ್' ಎಂಬುದು ಕಣ್ಣಿಗೇ ಕಾಣುತ್ತದೆ. ಇದೇ ಪರೇಡ್ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲೋ ಪೊಲೀಸ್ ತರಬೇತಿ ಶಾಲೆಯಲ್ಲೋ ನಡೆದರೆ ನಮ್ಮ ಪತ್ರಿಕೆಗಳು 'ನಿರ್ಗಮನ ಪಥಸಂಚಲನ' ಎಂದು ಬರೆಯುತ್ತವೆ. ಕೆಡೆಟ್‌ಗೆ ಸಲ್ಲುವ ಮಾತು ಬಿ.ಇ. ಮುಗಿಸಿದವರಿಗೆ ಸಲ್ಲಬಾರದೇಕೆ?

ಒಂದೇ ಮಾತಿಗೆ ಎರಡರ್ಥವಾದರೆ ಗೊಂದಲವಲ್ಲವೇ ಎನ್ನಬಹುದು. 'ಮೇಕ್ ಅಪ್' ಎಂದರೆ ಮುಖಕ್ಕೆ ಬಣ್ಣ ಹಚ್ಚುವುದು, ಜಗಳವಾಡಿ ರಾಜಿಯಾಗುವುದು, ಇಲ್ಲದ್ದನ್ನು ಕಟ್ಟಿ ಹೇಳುವುದು. ಅದರಿಂದ ಯಾರೂ ಕಂಗಾಲಾಗಿಲ್ಲ. ಪಕ್ಕದಲ್ಲಿ ಕಾಲೇಜಿನ ಹೆಸರಿದ್ದರೆ ಒಂದರ್ಥ, ಬಿಸಿಲೋ ವಿಸ್ಕಿಯೋ ಇದ್ದರೆ ಇನ್ನೊಂದು. ಮೂರ್ಛೆಯ ಅರ್ಥ ನಮ್ಮಲ್ಲಿ ಅಷ್ಟಾಗಿ ಬೇರೂರದ್ದಕ್ಕೂ ಕಾರಣ ಊಹಿಸಬಹುದು: ತಲೆ ಸುತ್ತಿ ಬಿದ್ದ, ಪ್ರಜ್ಞೆ ತಪ್ಪಿತು ಎಂದು ಹೇಳಿಕೊಳ್ಳಲು ಕನ್ನಡವೇ ಸಾಕು, ಕುಡಿದು ಬಿದ್ದವನು ಹೇಗೂ 'ಫ್ಲಾಟ್'. ಅಮೆರಿಕದ ಕಂಪನಿಗೆ ಅರ್ಜಿ ಹಾಕುವವರು 'ಗ್ರಾಜುಯೇಟ್' ಎಂದೇ ಬರೆಯಲಿ, ತಕರಾರಿಲ್ಲ. ಅದು ಓದುವವರ ಅನುಕೂಲಕ್ಕೆ, ತಪ್ಪು ತಿದ್ದಿಕೊಳ್ಳಲು ಅಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 'ಪಾಸಾಗು' ಎಂಬುದು ಕನ್ನಡದಲ್ಲಿ ಆಗಲೇ ಇರುವಾಗ ಭಾರತೀಯರು ಸುಮ್ಮನೆ ಒಂದು 'ಔಟ್' ಅಂಟಿಸಿದ್ದಾರೆ, ಸೇನೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದು. ಇದಕ್ಕೆ ಉತ್ತರ ಬೆಂಗಳೂರಿನ ಫ್ರೆಶರ್ ಕೆಲಸಗಳ ಜಾಹೀರಾತಿನಲ್ಲೇ ಇದೆ. '2025ರ ಪಾಸ್‌ಔಟ್‌ಗಳು ಮಾತ್ರ' ಎಂದು ಬರೆದು, ಅದರ ಕೆಳಗೇ 'ಬ್ಯಾಕ್‌ಲಾಗ್ ಇರಬಾರದು', ಅಂದರೆ ಪಾಸಾಗದೆ ಉಳಿದ ವಿಷಯ ಇರಬಾರದು, ಎಂದು ಸೇರಿಸುತ್ತಾರೆ. ಪಾಸ್‌ಔಟ್ ಎಂದರೆ ಬರೀ ಪಾಸು ಎಂದಾಗಿದ್ದರೆ ಆ ಎರಡನೆಯ ಷರತ್ತು ಬೇಕಿರಲಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಅಂಕಪಟ್ಟಿಯಲ್ಲ, ಗೇಟು ದಾಟಿದ ವರ್ಷ.