ಶುಕ್ರವಾರದ ಪ್ರಸಂಗ, ವಾರವಿಡೀ ದುಡಿಯುವ ಪಾದ್ರಿ

ಬಹರೇನ್‌ನ ಚರ್ಚುಗಳಲ್ಲಿ ಜನ ತುಂಬುವುದು ಶುಕ್ರವಾರ. ಭಾನುವಾರ ಇಲ್ಲಿ ಕೆಲಸದ ದಿನ, ಆಫೀಸು ಶಾಲೆ ಎರಡೂ ತೆರೆದಿರುತ್ತವೆ. ಹೀಗಾಗಿ ಮನಾಮಾದ ಜಿಂಜ್ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದಿರುವ ಮಂಗಳೂರು, ಉಡುಪಿ ಕಡೆಯ ಕುಟುಂಬಗಳು ಮಕ್ಕಳನ್ನು ಎಬ್ಬಿಸಿ ಹೊರಡಿಸಿಕೊಂಡು ಸೇಕ್ರೆಡ್ ಹಾರ್ಟ್ ಇಗರ್ಜಿಗೋ ನ್ಯಾಷನಲ್ ಇವ್ಯಾಂಜೆಲಿಕಲ್ ಚರ್ಚಿಗೋ ಹೋಗುವುದು ಶುಕ್ರವಾರವೇ. ವಾರಕ್ಕೊಮ್ಮೆ ಸಿಗುವ ಆ ಬಿಡುವಿನಲ್ಲಿ ಅವರ ಕಿವಿಗೆ ಬೀಳುವ ಪ್ರಸಂಗ ಎಂಥದ್ದು, ಅದನ್ನು ಹೇಳುವವರ ದುಡಿಮೆ ಎಂಥದ್ದು ಎಂದು ತೂಗಿ ನೋಡುವ ಅಭ್ಯಾಸ ನಮ್ಮಲ್ಲಿಲ್ಲ. ಸಿನಿಮಾ, ನಾಟಕ, ಯಕ್ಷಗಾನವನ್ನು ವಿಮರ್ಶಿಸುವ ನಾವು ಪ್ರಸಂಗದ ಬಗ್ಗೆ ಮಾತಾಡಲು ಅಂಜುತ್ತೇವೆ. ಅದು ದೇವರ ವಾಕ್ಯ, ಅದರಲ್ಲಿ ತಪ್ಪು ಹುಡುಕಬಾರದು ಎಂಬ ಭಯ. ವಾಕ್ಯ ದೇವರದ್ದಿರಬಹುದು; ಅದನ್ನು ಬಿಡಿಸಿ ಹೇಳುವ ಮಾತು ಮನುಷ್ಯರದ್ದೇ.

ಹಲವು ವರ್ಷಗಳಿಂದ ಕೇಳುತ್ತ ಬಂದ ಮೇಲೆ ನನಗನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಪಾದ್ರಿಗಳು, ಸಭಾಪಾಲಕರು ಮಾಡುವ ಕೆಲಸ ಅವರು ಸಾರುವ ಮಾತಿಗಿಂತ ಎಷ್ಟೋ ಪಾಲು ದೊಡ್ಡದು. ಕೆಲಸದಲ್ಲಿರುವ ಧೈರ್ಯ ಪ್ರಸಂಗದಲ್ಲಿಲ್ಲ.

ಕೆಲಸವೆಂದರೆ ಏನು ಎಂಬುದನ್ನು ಶುಕ್ರವಾರ ಮಾತ್ರ ಬಂದುಹೋಗುವವರು ಕಂಡಿರುವುದಿಲ್ಲ. ಜಿಂಜ್‌ಗೆ ಹತ್ತಿರದಲ್ಲೇ ಸಲ್ಮಾನಿಯಾ ಆಸ್ಪತ್ರೆ ಇದೆ. ಕೂಲಿಯವರು ಬಿದ್ದು ಕೈಕಾಲು ಮುರಿದುಕೊಂಡಾಗ, ನಡುವಯಸ್ಸಿನ ಡ್ರೈವರ್ ಒಬ್ಬನಿಗೆ ಹೃದಯಾಘಾತವಾದಾಗ ಅಲ್ಲಿಗೆ ಹೋಗಿ ನಿಲ್ಲುವವರಲ್ಲಿ ಪಾದ್ರಿಗಳು ಮುಂದು. ಸಾವಾದರೆ ಕೆಲಸ ಇನ್ನೂ ಹೆಚ್ಚು. ಮಾಲೀಕನ ಪತ್ರ, ಪೊಲೀಸರ ಕಾಗದ, ರಾಯಭಾರ ಕಚೇರಿಯ ಮೊಹರು, ವಿಮಾನದ ಸರಕು ವಿಭಾಗದ ಬುಕಿಂಗ್, ಇಷ್ಟೂ ಆಗದೆ ಶವ ಊರಿಗೆ ಹೊರಡುವುದಿಲ್ಲ. ಶವಾಗಾರದ ಹೊರಗಿನ ಕುರ್ಚಿಯಲ್ಲಿ ಕೂತು, ಒಂದು ಕಿವಿಗೆ ಫೋನು ಹಚ್ಚಿ, ಊರಲ್ಲಿರುವ ತಾಯಿಗೆ ಮಗ ಇನ್ನಿಲ್ಲವೆಂದು ಹೇಳಬೇಕಾದ ಪಾದ್ರಿಯ ಮುಖವನ್ನು ನೋಡಿದ್ದೇನೆ. ಅಲ್ಲಿ ಅವರು ಆಡಿದ್ದು ನಾಲ್ಕೇ ಮಾತು: ನೋವಿನಲ್ಲಿ ನರಳಲಿಲ್ಲ ಅಮ್ಮ, ಜೊತೆಗೆ ನಾವಿದ್ದೆವು, ಬುಧವಾರ ಮನೆಗೆ ಕಳಿಸುತ್ತೇವೆ, ಸಂಬಳದ ಬಾಕಿಯನ್ನೂ ವಿಚಾರಿಸುತ್ತೇವೆ. ನಾನು ಕೇಳಿದ ಉತ್ತಮ ಪ್ರಸಂಗಗಳ ಸಾಲಿನಲ್ಲಿ ಅದನ್ನೇ ಮೊದಲಿಡುತ್ತೇನೆ. ಮನೆಗೆಲಸದ ಹೆಣ್ಣುಮಗಳೊಬ್ಬಳು ಊಟವಿಲ್ಲದೆ ಓಡಿಬಂದಾಗ ಟಿಕೆಟ್ ದುಡ್ಡು ಕೂಡಿಸುವುದು, ಕಂಪನಿ ಮುಚ್ಚಿ ದಿಕ್ಕು ತೋಚದ ಕೂಲಿಯವರ ಕ್ಯಾಂಪಿಗೆ ಅಕ್ಕಿ ಬೇಳೆ ಮುಟ್ಟಿಸುವುದು ಇವೆಲ್ಲ ಸದ್ದಿಲ್ಲದೆ ನಡೆಯುತ್ತವೆ.

ಮಾತಿಗಿಂತ ಕೆಲಸ ದೊಡ್ಡದೆಂಬುದನ್ನೇ ಈ ದ್ವೀಪದ ಕ್ರೈಸ್ತ ಚರಿತ್ರೆಯೂ ಹೇಳುತ್ತದೆ. 1889ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅರೇಬಿಯನ್ ಮಿಷನ್ನಿನ ಸ್ಯಾಮ್ಯುಯೆಲ್ ಜ್ವೆಮರ್ 1892ರ ಕೊನೆಗೆ ಬಹರೇನಿಗೆ ಬಂದಿಳಿದರು. ಅವರು ವಾದಪ್ರಿಯ ಬೋಧಕ, ಪುಸ್ತಕದ ಮೇಲೆ ಪುಸ್ತಕ ಬರೆದವರು. ಅವರ ವಾದಕ್ಕೆ ಮನಸೋತು ಕ್ರೈಸ್ತರಾದ ಅರಬ್ಬರು ತೀರ ವಿರಳ. ಆದರೆ ಅದೇ ಮಿಷನ್ 1903ರಲ್ಲಿ ತೆರೆದ ಮೇಸನ್ ಮೆಮೋರಿಯಲ್ ಆಸ್ಪತ್ರೆ ಅಮೆರಿಕನ್ ಮಿಷನ್ ಹಾಸ್ಪಿಟಲ್ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ, ಬಹರೇನಿ ಕುಟುಂಬಗಳು ಇಂದಿಗೂ ಅಲ್ಲಿ ಮದ್ದಿಗೆ ಹೋಗುತ್ತವೆ. ಆಮೇಲೆ ಎಣ್ಣೆ ಸಿಕ್ಕಿತು, ಹೊರನಾಡಿನವರು ಬಂದರು, ದೊರೆ ಕೊಟ್ಟ ಜಾಗದಲ್ಲಿ 1939ರಲ್ಲಿ ಸೇಕ್ರೆಡ್ ಹಾರ್ಟ್ ಇಗರ್ಜಿ ಎದ್ದಿತು. 2021ರ ಡಿಸೆಂಬರಿನಲ್ಲಿ ಅವಾಲಿಯ ಅವರ್ ಲೇಡಿ ಆಫ್ ಅರೇಬಿಯಾ ಮಹಾದೇವಾಲಯದ ಪ್ರತಿಷ್ಠಾಪನೆಯಾಯಿತು. ಇಷ್ಟು ಉದಾರವಾಗಿ ಜಾಗ ಕೊಟ್ಟ ನಾಡು ಇದು. ಮನಾಮಾದ ಹಳೆಯ ಪೇಟೆಯಲ್ಲಿ ಶ್ರೀನಾಥಜಿಯ ಗುಡಿಯೂ ಇದೆ, ಯೆಹೂದಿಗಳ ಸಿನಗಾಗೂ ಇದೆ.

ಇನ್ನು ಪ್ರಸಂಗಕ್ಕೆ ಬರೋಣ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ, ಅಂದರೆ ದೃಷ್ಟಾಂತ ಕತೆ, ಬರುತ್ತದೆ. ಯಜಮಾನನೊಬ್ಬ ಬೆಳಗ್ಗೆ, ಮಧ್ಯಾಹ್ನ, ಸಂಜೆ ಪೇಟೆಗೆ ಹೋಗಿ ಕೆಲಸವಿಲ್ಲದೆ ನಿಂತವರನ್ನು ಕರೆತರುತ್ತಾನೆ, ಕೊನೆಗೆ ಎಲ್ಲರಿಗೂ ಪೂರ್ತಿ ದಿನದ ಕೂಲಿಯನ್ನೇ ಕೊಡುತ್ತಾನೆ. ಇಡೀ ದಿನ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಕೊಲ್ಲಿ ರಾಷ್ಟ್ರದ ಚರ್ಚಿಗೆಂದೇ ಹೇಳಿಟ್ಟ ಹಾಗಿದೆ ಈ ಕತೆ. ಕೇಳುತ್ತಾ ಕೂತವರಲ್ಲಿ ಅರ್ಧದಷ್ಟು ಜನ ಹಾಗೆ ಕೆಲಸಕ್ಕೆ ಕಾದು ನಿಂತವರು. ಬಿಸಿಲೆಂದರೆ ಏನೆಂದು ಅವರಿಗೆ ವಿವರಿಸಬೇಕಾಗಿಲ್ಲ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಧ್ಯಾಹ್ನ 12ರಿಂದ 4ರವರೆಗೆ ಬಯಲಲ್ಲಿ ದುಡಿಸಬಾರದೆಂದು ಇಲ್ಲಿನ ಸರಕಾರವೇ ನಿಷೇಧ ಹೇರುವಷ್ಟು ಉರಿ ಬಿಸಿಲು ಅದು. ಅದೇ ಬೆಂಚುಗಳಲ್ಲಿ ಮ್ಯಾನೇಜರುಗಳು, ಸೂಪರ್‌ವೈಸರುಗಳು, ಅಂಗಡಿ ಇಟ್ಟವರು, ಮನೆಯಲ್ಲಿ ಕೆಲಸದವಳನ್ನು ಇಟ್ಟುಕೊಂಡವರೂ ಕೂತಿರುತ್ತಾರೆ. ಆಳು, ಯಜಮಾನ ಇಬ್ಬರೂ ಒಟ್ಟಿಗೆ ಕೂತು ಈ ಸಾಮತಿ ಕೇಳುವ ಜಾಗ ಬೇರೆಲ್ಲಿ ಸಿಕ್ಕೀತು?

ಆದರೆ ನಾನು ಕೇಳಿದ ಪ್ರಸಂಗಗಳಲ್ಲಿ ಈ ಕತೆ ನೆಲ ಬಿಟ್ಟು ನೇರವಾಗಿ ಸ್ವರ್ಗಕ್ಕೆ ಹಾರಿಬಿಡುತ್ತದೆ. ತಡವಾಗಿ ಬಂದವರೆಂದರೆ ಮುಪ್ಪಿನಲ್ಲಿ ಪಶ್ಚಾತ್ತಾಪಪಟ್ಟವರು, ಕೂಲಿಯೆಂದರೆ ನಿತ್ಯಜೀವ, ಗೊಣಗಬೇಡಿ, ಆಮೆನ್. ಈ ಅರ್ಥವೂ ಇರಲಿ, ತಪ್ಪೇನಿಲ್ಲ. ಆದರೆ ಆ ಯಜಮಾನ ಆಳಿನ ಹೊಟ್ಟೆಯನ್ನು ನೋಡಿ ಕೂಲಿ ಕೊಟ್ಟ ಎಂಬ ನೇರ ಸಂಗತಿಯನ್ನು ದಾಟಿಹೋದರೆ ಸಾಮತಿಯಲ್ಲಿ ಉಳಿಯುವುದೇನು? ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ತಪ್ಪು, ತಿಂಗಳ ಸಂಬಳ ತಿಂಗಳಿಗೆ ಕೊಡಿ, ಮನೆಗೆಲಸದವಳಿಗೂ ವಾರಕ್ಕೊಂದು ರಜೆ ಬೇಕು ಎಂದು ಒಂದು ಮಾತು ಹೇಳಿದ ಪ್ರಸಂಗ ಅಪರೂಪ.

ಇದಕ್ಕೊಂದು ಸಮಜಾಯಿಷಿ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಪಾದ್ರಿಯೂ ಇಲ್ಲಿ ವೀಸಾದ ಮೇಲಿರುವ ಪರದೇಶಿ. ಚರ್ಚು ಗೋಡೆಯೊಳಗೆ ನಡೆಯಬೇಕು, ಹೊರಗಿನವರಿಗೆ ಮತಬೋಧನೆ ಕೂಡದು, ರಾಜಕೀಯದ ಮಾತು ಬೇಡ. ಅವರ ಒಂದು ಎಡವಟ್ಟು ಮಾತಿಗೆ ಇಡೀ ಸಭೆ ತೊಂದರೆಗೆ ಸಿಲುಕಬಹುದು. ಒಪ್ಪಿದೆ. ಆದರೆ ಪಾಸ್‌ಪೋರ್ಟ್, ಸಂಬಳದ ಬಗ್ಗೆ ಈ ದೇಶದ ಕಾನೂನೇ ಹೇಳುವುದನ್ನು ಬಲಿಪೀಠದ ಪಕ್ಕದಿಂದ ಹೇಳಿದರೆ ಯಾರ ವಿರೋಧವೂ ಬರಬೇಕಾಗಿಲ್ಲ. 2022ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಇಲ್ಲಿಗೆ ಬಂದಾಗ ಮೊದಲ ದಿನವೇ ಸಖೀರ್ ಅರಮನೆಯಲ್ಲಿ, ದೊರೆಯ ಸಮ್ಮುಖದಲ್ಲಿ, ವಲಸೆ ದುಡಿಮೆಗಾರರಿಗೆ ಎಲ್ಲೆಡೆ ಸುರಕ್ಷಿತವಾದ, ಮನುಷ್ಯ ಘನತೆಗೆ ತಕ್ಕ ಕೆಲಸದ ವಾತಾವರಣ ಸಿಗಬೇಕು ಎಂದರು. ಮರುಭೂಮಿಯಲ್ಲಿ ನೂರಾರು ವರ್ಷದಿಂದ ಹಸಿರಾಗಿ ನಿಂತ ಇಲ್ಲಿನ ‘ಜೀವವೃಕ್ಷ’ವನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಅತಿಥಿಯ ಮರ್ಯಾದೆ ಮೀರಲಿಲ್ಲ, ಹೇಳಬೇಕಾದ್ದನ್ನು ಬಿಡಲೂ ಇಲ್ಲ. ಅರಮನೆಯಲ್ಲಿ ಸಾಧ್ಯವಾದದ್ದು ಇಗರ್ಜಿಯಲ್ಲಿ ಏಕೆ ಸಾಧ್ಯವಿಲ್ಲ? ಅದೇ ಪೋಪ್ 2024ರಲ್ಲಿ ಪ್ರಸಂಗ 8 ನಿಮಿಷ ದಾಟಬಾರದು ಎಂದೂ ಹೇಳಿದರು. ಆ ಮಾತು ಕೊಲ್ಲಿಗೆ ಇನ್ನೂ ಮುಟ್ಟಿದಂತಿಲ್ಲ.

ಇನ್ನೊಂದು ಬಗೆಯ ಸಂದೇಶ ಫ್ಲ್ಯಾಟುಗಳ ಪ್ರಾರ್ಥನಾ ಕೂಟಗಳಲ್ಲಿ ಹಬ್ಬುತ್ತಿದೆ. ಉಪವಾಸ ಪ್ರಾರ್ಥನೆ ಮಾಡಿದೆ, ವೀಸಾ ಆಯಿತು. ದಶಮಾಂಶ ಕೊಟ್ಟೆ, ಪ್ರಮೋಶನ್ ಬಂತು ಎಂಬ ಸಾಕ್ಷಿಗಳು. ಬೋಧಕರು ಅವನ್ನೇ ಹಿಡಿದು ‘ಆಶೀರ್ವಾದದ ವರ್ಷ’ ಘೋಷಿಸುತ್ತಾರೆ. ಇದನ್ನು ನಾನು ಖಂಡಿಸಲೇಬೇಕು. ಅದೇ ಕೋಣೆಯ ಮೂಲೆಯಲ್ಲಿ ಅಷ್ಟೇ ಉಪವಾಸ ಮಾಡಿ ಕೆಲಸ ಕಳೆದುಕೊಂಡವನೂ ಕೂತಿರುತ್ತಾನೆ. ಊರಲ್ಲಿ ಮನೆ ಅಡವಿಟ್ಟು ಏಜೆಂಟನಿಗೆ ದುಡ್ಡು ಕೊಟ್ಟು ಬಂದವನು ಅವನು. ನಿನ್ನ ವಿಶ್ವಾಸ ಸಾಲದು ಎಂದು ಅವನಿಗೆ ಹೇಳಿದಂತಾಗುತ್ತದೆ. ಸೋತವನ ಮೇಲೆ ತಪ್ಪನ್ನೂ ಹೊರಿಸುವ ಮಾತು ಸುವಾರ್ತೆ ಹೇಗಾದೀತು? ಅಂಥ ಕೂಟಗಳಲ್ಲಿ ಬೇರೆ ಧರ್ಮದವರನ್ನು ಹಳಿಯುವ ಮಾತೂ ಒಮ್ಮೊಮ್ಮೆ ಬರುತ್ತದೆ. ಜಾಗ ಕೊಟ್ಟವರ ನಾಡಿನಲ್ಲಿ ಕೂತು ಆಡುವ ಮಾತು ಅದಲ್ಲ.

ಕನ್ನಡಿಗರಾದ ನಮಗೆ ಬೋಧಕರನ್ನು ಅಳೆಯಲು ನಮ್ಮದೇ ಮಾದರಿಯೊಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೊದಲ ಬೋಧಕರು ಜಾತ್ರೆಗಳಲ್ಲಿ ನಿಂತು ಊರವರ ದೇವರುಗಳನ್ನು ಜರೆದದ್ದುಂಟು. ಅದೇ ಮಿಷನ್ನಿನ ಪರಂಪರೆಯಲ್ಲಿ ಬೆಳೆದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಬೇರೆ ದಾರಿ ಹಿಡಿದರು. ಊರೂರು ಸುತ್ತಿ, ಜನರ ಬಾಯಲ್ಲಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಸಿದ್ಧರಾಮನನ್ನೂ ಅನುಭವ ಮಂಟಪವನ್ನೂ ಆಳವಾಗಿ ಅಭ್ಯಾಸ ಮಾಡಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ತಮ್ಮ ಕ್ರಿಸ್ತನನ್ನು ಅವರು ಬಿಟ್ಟುಕೊಡಲಿಲ್ಲ. ಹೇಳುವ ಮೊದಲು ಎದುರಿಗಿದ್ದವರ ಮಾತನ್ನು ಕೇಳಿಸಿಕೊಂಡರು. ಕೊಲ್ಲಿಯ ಬೋಧಕರಲ್ಲಿ ನಾನು ಕಾಣದಿರುವುದು ಈ ಕೇಳಿಸಿಕೊಳ್ಳುವಿಕೆಯನ್ನು. ಭಾಷೆಯ ವಿಷಯದಲ್ಲೂ ಅಷ್ಟೇ. ಕೊಂಕಣಿ, ಮಲಯಾಳಂ ಆರಾಧನೆಗೆ ಇಲ್ಲಿ ವೇಳೆ ಗೊತ್ತಾಗಿದೆ. ಬೀದರ್ ಕಡೆಯ ಮೆಥೊಡಿಸ್ಟರು, ಹುಬ್ಬಳ್ಳಿ ಧಾರವಾಡದ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಸಭೆಯವರು ಮಾತ್ರ ಅರ್ಧಂಬರ್ಧ ತಿಳಿಯುವ ಇಂಗ್ಲಿಷಿನಲ್ಲಿ ತಲೆಯಾಡಿಸಿ ಎದ್ದು ಬರುತ್ತಾರೆ.

ಶವಾಗಾರದ ಹೊರಗೆ ಕನ್ನಡದಲ್ಲಿ, ಅಷ್ಟು ನೇರವಾಗಿ ಮಾತಾಡಬಲ್ಲವರು ಮೈಕಿನ ಮುಂದೆ ಹಾಗೆ ಮಾತಾಡಲಾರರೇ? ಮಾತಾಡಬಲ್ಲರು, ನಾವು ಕೇಳಿಕೊಳ್ಳಬೇಕು. ಆರಾಧನೆ ಮುಗಿದು ಬಾಗಿಲ ಬಳಿ ಕೈಕುಲುಕುವಾಗ ‘ಪ್ರಸಂಗ ಚೆನ್ನಾಗಿತ್ತು ಫಾದರ್’ ಎಂದು ಹೇಳಿ ಕಾರಿನತ್ತ ನಡೆಯುವುದನ್ನು ಬಿಡೋಣ. ಈ ವಾರ ಆಸ್ಪತ್ರೆಯಲ್ಲಿ ಯಾರನ್ನು ಕಂಡಿರಿ, ಕ್ಯಾಂಪಿನಲ್ಲಿ ಏನು ನೋಡಿದಿರಿ, ಮುಂದಿನ ಶುಕ್ರವಾರ ಅದನ್ನೇ ನಮಗೆ ಹೇಳಿ ಎಂದು ಕೇಳೋಣ. ತಿಂಗಳಿಗೊಮ್ಮೆಯಾದರೂ ಕನ್ನಡದಲ್ಲಿ ಹೇಳಿ ಎಂದೂ ಕೇಳೋಣ.