ಬರಿಯ ಬೆರಕೆಗೆ ಪೇಟೆಂಟ್ ಸಲ್ಲದು

1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್ ಕಲ್ಲಿದ್ದಲು ಗಣಿಯಲ್ಲಿ, ಲಿಫ್ಟಿನ ತೊಟ್ಟಿಲಲ್ಲಿ ಸರಿಯಾಗಿ ಕೂರದ ಬಂಡಿಯೊಂದು ಎಣ್ಣೆಯ ಕೊಳವೆಯನ್ನೂ ವಿದ್ಯುತ್ ತಂತಿಗಳನ್ನೂ ಕತ್ತರಿಸಿತು. ಚಿಮ್ಮಿದ ಎಣ್ಣೆ ಹೊತ್ತಿಕೊಂಡು 262 ಮಂದಿ ಸತ್ತರು. ಸುಲಭವಾಗಿ ಉರಿಯದ ಹೈಡ್ರಾಲಿಕ್ ದ್ರವ ಬೇಕೆಂಬ ಒತ್ತಾಯ ಯುರೋಪಿನ ಗಣಿಗಳಲ್ಲಿ ಬಲವಾದದ್ದು ಆಮೇಲೆ.

ಅಂಥ ದ್ರವಗಳಲ್ಲೊಂದಾದ ಫಾಸ್ಫೇಟ್ ಎಸ್ಟರ್ ಬೆಂಕಿಯನ್ನು ತಡೆಯುತ್ತದೆ. ಆದರೆ ದುಬಾರಿ, ಸಾಮಾನ್ಯ ನೈಟ್ರೈಲ್ ರಬ್ಬರಿನ ಸೀಲುಗಳನ್ನು ಕೆಡಿಸುತ್ತದೆ, ನೀರು ಸೇರಿದರೆ ಆಮ್ಲವಾಗುತ್ತದೆ. ಸಸ್ಯಜನ್ಯ ಎಣ್ಣೆ ಸೋರಿದರೂ ಮಣ್ಣಿನಲ್ಲಿ ಬೇಗ ಕರಗಿಹೋಗುತ್ತದೆ. ಆದರೆ ಬಿಸಿಗೆ ಬೇಗ ಕಮರುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ಎರಡನ್ನೂ ಬೆರೆಸಿ ನೋಡೋಣವೆಂಬ ಯೋಚನೆ ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುತ್ತದೆ. ಪೇಟೆಂಟ್ ಕೇಳುವವರ ತೊಡಕು ಇರುವುದೂ ಅಲ್ಲೇ.

ಭಾರತದ 1970ರ ಪೇಟೆಂಟ್ ಕಾಯ್ದೆಯ 3(ಇ) ಕಲಂ ಇಂಥ ಮಿಶ್ರಣಗಳಿಗೆ ಒಂದು ಗಟ್ಟಿ ಪರೀಕ್ಷೆ ಒಡ್ಡುತ್ತದೆ: ಘಟಕಗಳ ಗುಣಗಳು ಒಟ್ಟುಗೂಡುವುದನ್ನು ಬಿಟ್ಟು ಬೇರೇನೂ ಆಗದ ಬೆರಕೆ ಆವಿಷ್ಕಾರವಲ್ಲ. ಅರ್ಧ ಎಣ್ಣೆ, ಅರ್ಧ ಎಸ್ಟರ್ ಬೆರೆಸಿದಾಗ ಬೆಂಕಿ ತಾಳಿಕೆಯೂ ಬೆಲೆಯೂ ನಡುಮಟ್ಟಕ್ಕೆ ಬಂದರೆ ಅದು ನಿರೀಕ್ಷಿತ ಫಲ. ಸವೆತ ತಗ್ಗಿತೆಂದರೂ ಸಾಲದು. ಫಾಸ್ಫೇಟ್ ಎಸ್ಟರುಗಳಲ್ಲೊಂದಾದ ಟ್ರೈಕ್ರೆಸಿಲ್ ಫಾಸ್ಫೇಟ್ ಸವೆತ ತಡೆಯುವ ಸೇರ್ಪಡೆಯೆಂದು ದಶಕಗಳಿಂದ ಗೊತ್ತಿದೆ.

ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯವೂ 1990ರ ಡಿಲ್ಲನ್ ಪ್ರಕರಣದಲ್ಲಿ ಇದಕ್ಕೆ ಹತ್ತಿರದ ನಿಲುವು ತಳೆಯಿತು. ಟೆಟ್ರಾ-ಆರ್ಥೋಎಸ್ಟರ್ ಬೆರೆಸಿದ ಇಂಧನ ಕಡಿಮೆ ಮಸಿ ಉಗುಳುತ್ತದೆಂಬುದು ಅರ್ಜಿದಾರರ ವಾದ. ಆದರೆ ಹೈಡ್ರಾಲಿಕ್ ದ್ರವದ ನೀರಿನಂಶ ನೀಗಲು ಅದೇ ವರ್ಗದ ಎಸ್ಟರುಗಳು ಮೊದಲೇ ತಿಳಿದಿದ್ದವು; ಅವುಗಳ ಸಮೀಪದ ಬಂಧುಗಳಾದ ಟ್ರೈ-ಆರ್ಥೋಎಸ್ಟರುಗಳು ಇಂಧನದಲ್ಲೂ ಬಳಕೆಯಾಗಿದ್ದವು. ಹೊಸ ಉದ್ದೇಶ ಹೇಳಿದ ಮಾತ್ರಕ್ಕೆ ಆ ಮಿಶ್ರಣ ಪೇಟೆಂಟಿಗೆ ಅರ್ಹವಾಗಲಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಇಷ್ಟೇ ಪ್ರಮಾಣದಲ್ಲಿ ಬೆರೆಸಿದಾಗ ಎರಡು ಘಟಕಗಳ ಲೆಕ್ಕಕ್ಕೂ ಮೀರಿ ಉರಿ ಆರುತ್ತದೆ, ಅಥವಾ ಎಣ್ಣೆ ಕಮರುವುದು ನಿಲ್ಲುತ್ತದೆ ಎಂದು ಹೋಲಿಕೆಯ ಪ್ರಯೋಗಗಳಿಂದ ತೋರಿಸಿದರೆ ಅದು ನಿಜವಾದ ಕೊಡುಗೆ. ಎಂಥ ಪುರಾವೆ ಸಾಕೆಂಬುದನ್ನು ನಮ್ಮ 3(ಇ) ಕಲಂ ಹೇಳುವುದಿಲ್ಲ. ಇದು ಅದರ ದೊಡ್ಡ ಕೊರತೆ. ತೀರ್ಮಾನ ಪರೀಕ್ಷಕರ ವಿವೇಚನೆಗೆ ಬಿಟ್ಟುಹೋಗುತ್ತದೆ.

ಹಕ್ಕಿನ ವ್ಯಾಪ್ತಿಯಲ್ಲೂ ಅಷ್ಟೇ ಬಿಗಿ ಬೇಕು. ಸಾಸಿವೆ ಜಾತಿಯ ಎಣ್ಣೆಯೊಂದನ್ನು ಮಾತ್ರ ಪರೀಕ್ಷಿಸಿ 'ಯಾವುದೇ ಸಸ್ಯಜನ್ಯ ಎಣ್ಣೆ' ಎಂದು ಹಕ್ಕು ಕೇಳಿದರೆ ಹರಳೆಣ್ಣೆ, ಹೊಂಗೆ, ಹಿಪ್ಪೆ ಎಲ್ಲವೂ ಒಬ್ಬರ ಪಾಲಾಗುತ್ತವೆ. ಇವುಗಳ ಕೊಬ್ಬಿನಾಮ್ಲಗಳೇ ಬೇರೆ, ವರ್ತನೆಯೂ ಬೇರೆ. ಪ್ರಯೋಗ ಮಾಡಿದ ಎಣ್ಣೆಗೆ, ಅಳೆದು ತೋರಿಸಿದ ಪ್ರಮಾಣಕ್ಕೆ ಹಕ್ಕು ಕೊಡಲಿ. ಅದರಾಚೆಗೆ ಚಾಚುವ ಅರ್ಜಿಯನ್ನು ಪೇಟೆಂಟ್ ಕಚೇರಿ ತಿರಸ್ಕರಿಸುವುದೇ ಸರಿ.