ಕಲ್ಲಚ್ಚಿನ ಇರುಳು: ವಿಸ್ಲರನ ‘ನಾಕ್ಟರ್ನ್’

ಕಲ್ಲಚ್ಚು ಎಂದೊಡನೆ ಕನ್ನಡ ಸಂಶೋಧಕರಿಗೆ ನೆನಪಾಗುವುದು 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೊರತಂದ ‘ಮಂಗಳೂರ ಸಮಾಚಾರ’. ಅಲ್ಲಿ ಕಲ್ಲು ಅಕ್ಷರದ ವಾಹಕ. ರೇಖೆಯ ಸ್ಪಷ್ಟತೆಯೇ ಅದರ ಗುಣ. ಅದೇ ಮುದ್ರಣಕ್ರಮವನ್ನು ಬಳಸಿ ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್ 1878ರಲ್ಲಿ ಲಂಡನ್ನಿನಲ್ಲಿ ರಚಿಸಿದ ‘ನಾಕ್ಟರ್ನ್’ ಚಿತ್ರವು ರೇಖೆಯನ್ನು ಬಹುಮಟ್ಟಿಗೆ ತ್ಯಜಿಸುತ್ತದೆ. ಈ ತ್ಯಾಗದ ಅರ್ಥವೇನೆಂಬುದೇ ಇಲ್ಲಿಯ ವಿಚಾರ.

ಚಿತ್ರದ ವಸ್ತು ಅತ್ಯಲ್ಪ. ಇರುಳಿನ ಥೇಮ್ಸ್ ನದಿ, ಎದುರು ದಂಡೆಯಲ್ಲಿ ಬ್ಯಾಟರ್‌ಸೀಯ ಕಟ್ಟಡಗಳ ಮಸುಕು ಸಾಲು, ನಿಶ್ಚಲ ನೀರಿನಲ್ಲಿ ಅವುಗಳ ಪ್ರತಿಬಿಂಬ. ಜಿಡ್ಡಿನ ಮಸಿಯನ್ನು ತೆಳುಗೊಳಿಸಿ ಕಲ್ಲಿನ ಮೇಲೆ ಕುಂಚದಿಂದ ಹರಡುವ ‘ಲಿಥೋಟಿಂಟ್’ ವಿಧಾನ ಇದರದು. ಬೆಳಕು ಬೇಕಾದೆಡೆ ಮಸಿಯನ್ನು ಕೆರೆದು ತೆಗೆಯಲಾಗಿದೆ. ನೀಲಿ ಕಾಗದದ ಮೇಲೆ ಅಚ್ಚಾದ ಪ್ರತಿಗಳಲ್ಲಿ ಕಲಾವಿದ ಬಳಸಿದ್ದು ಕಪ್ಪನ್ನು ಮಾತ್ರ; ಆಗಸಕ್ಕೂ ನೀರಿಗೂ ಬಣ್ಣವನ್ನು ಕಾಗದವೇ ಕೊಡುತ್ತದೆ.

ವಿಸ್ಲರನ ಮತ್ತೊಂದು ಇರುಳಿನ ಚಿತ್ರಕ್ಕೆ 200 ಗಿನಿ ಬೆಲೆಯಿಟ್ಟದ್ದನ್ನು ಜಾನ್ ರಸ್ಕಿನ್ 1877ರಲ್ಲಿ ಕಟುವಾಗಿ ಜರೆದಿದ್ದನು. 1878ರ ನವೆಂಬರಿನಲ್ಲಿ ನಡೆದ ಮಾನನಷ್ಟ ಮೊಕದ್ದಮೆಯಲ್ಲಿ ವಿಸ್ಲರ್ ಗೆದ್ದನಾದರೂ ದೊರೆತ ಪರಿಹಾರ ಒಂದೇ ಫಾರ್ದಿಂಗ್. ಅಪೂರ್ಣವೆಂದು ತೋರುವ ಕೃತಿಗೆ ಇಷ್ಟು ಬೆಲೆಯೇ ಎಂಬುದು ಅಲ್ಲಿಯ ತಕರಾರು. ಈ ಕಲ್ಲಚ್ಚು ಆ ತಕರಾರಿಗೆ ಸಮರ್ಥ ಉತ್ತರವೆನ್ನಬಹುದು. ಕಲ್ಲಿನ ಮೇಲೆ ಹರಿದ ಮಸಿಯನ್ನು ತಿದ್ದುವುದು ಸುಲಭವಲ್ಲ. ಆಮ್ಲದ ಸಂಸ್ಕಾರದಲ್ಲಿ ನವಿರಾದ ಛಾಯೆಗಳು ಅಳಿಯುವ ಭಯವೂ ಉಂಟು. ಆದ್ದರಿಂದ ಇಲ್ಲಿ ಕಾಣುವ ‘ಅಪೂರ್ಣತೆ’ ಆಲಸ್ಯದ ಫಲವಲ್ಲ, ಸಂಯಮದ ಫಲ. ಅದರಲ್ಲಿ ಮುದ್ರಕ ಥಾಮಸ್ ವೇಯ ಪಾಲೂ ಇದೆ. ವಿಸ್ಲರನನ್ನು ಕಲ್ಲಚ್ಚಿನತ್ತ ಸೆಳೆದವನೇ ಆತ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಸಂಜೆಯ ಮಂಜಿನಲ್ಲಿ ಚಿಮಣಿಗಳೂ ಗಂಟೆಗೋಪುರಗಳಾಗುತ್ತವೆಂದು ವಿಸ್ಲರ್ 1885ರ ಉಪನ್ಯಾಸದಲ್ಲಿ ಹೇಳಿದನು. ಲಂಡನ್ನಿನ ಆ ಮಂಜಿನಲ್ಲಿ ಕಲ್ಲಿದ್ದಲಿನ ಹೊಗೆಯೂ ಬೆರೆತಿತ್ತು. ಬ್ಯಾಟರ್‌ಸೀ ಕಾರ್ಖಾನೆಗಳ ದಂಡೆಯಾಗಿತ್ತು. ಚಿತ್ರದ ಮೌನ ಆ ದುಡಿಮೆಯ ಸದ್ದನ್ನು ಅಡಗಿಸಿದೆಯೆಂಬ ಮಾತನ್ನು ತಳ್ಳಿಹಾಕಲಾಗದು. ಆದರೆ ಕಲಾವಿದ ಆ ದಂಡೆಯನ್ನು ಬಿಟ್ಟು ರಮ್ಯವಾದ ಬೇರೊಂದು ತೀರವನ್ನು ಅರಸಲಿಲ್ಲ ಎಂಬುದೂ ಅಷ್ಟೇ ಗಮನಾರ್ಹ. ಸೌಂದರ್ಯವನ್ನೂ ಅದರ ಹಿಂದಿನ ಹೊಗೆಯನ್ನೂ ಒಂದೇ ಛಾಯೆಯಲ್ಲಿ ಹಿಡಿದಿರುವುದೇ ಈ ಕೃತಿಯ ಶಕ್ತಿ, ಮಿತಿಯೂ ಅದೇ.